ಎರಡನೇ ಸಲ ಸ್ಕ್ಯಾನ್‌ಗೆ ಬಂದರೆ ಮೊದಲು ಹಳೇ ಫಿಲ್ಮ್ ಕೇಳಿ

ಕಾರವಾರದ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ನಾನು ಎಂಆರ್‌ಐ ಟೆಕ್ನಿಷಿಯನ್. ಮಾಮೂಲಿ ಎಂಆರ್‌ಐ ಮಿದುಳಿನ ಆಕಾರ ತೋರಿಸುತ್ತದೆ. ಅದೇ ಮಷೀನ್‌ನಲ್ಲಿ ಮಾಡುವ ಸ್ಪೆಕ್ಟ್ರೋಸ್ಕೋಪಿ ಅಲ್ಲಿರುವ ರಾಸಾಯನಿಕಗಳನ್ನು ಅಳೆದು ಗ್ರಾಫಿನಲ್ಲಿ ಗೆರೆಗಳಾಗಿ ತೋರಿಸುತ್ತದೆ. ಅವುಗಳಲ್ಲಿ ಎನ್‌ಎಎ ಅಂದರೆ ನರಕೋಶಗಳು ಚೆನ್ನಾಗಿರುವುದರ ಗುರುತು. ಗಡ್ಡೆ ಇರುವಲ್ಲಿ ಸಾಮಾನ್ಯವಾಗಿ ಅದು ಇಳಿದು, ಕೋಶಗಳ ಪೊರೆಗೆ ಸಂಬಂಧಿಸಿದ ಕೋಲಿನ್ ಏರುತ್ತದೆ.

ಅಂಕೋಲಾ ಕಡೆಯವರೊಬ್ಬರು ಹೆಂಡತಿಯನ್ನು ಮರುತಪಾಸಣೆಗೆ ಕರೆತಂದಿದ್ದರು. ಎರಡೂ ರಿಪೋರ್ಟ್ ಪಕ್ಕಪಕ್ಕ ಹಿಡಿದು, "ಈ ಕೋಲಿನ್ ಹೋದ ಸಲಕ್ಕಿಂತ ಸ್ವಲ್ಪ ಕಮ್ಮಿ ಆಗಿದೆ ಅಲ್ವಾ ತಂಗಿ? ಗುಣ ಆಗ್ತಾ ಇದ್ಯಾ?" ಎಂದು ಕೇಳಿದರು. "ಡಾಕ್ಟರ್ ನೋಡಿ ಹೇಳ್ತಾರೆ ಅಣ್ಣ" ಅಂದೆ. ಅದಕ್ಕೆ ಉತ್ತರ ಕೊಡುವುದು ನನ್ನ ಕೆಲಸವಲ್ಲ. ಆ ಎರಡು ಅಂಕಿಗಳನ್ನು ಹೋಲಿಸಲು ಬರುವ ಹಾಗೆ ಸ್ಕ್ಯಾನ್ ಮಾಡುವುದು ಮಾತ್ರ ಪೂರ್ತಿ ನನ್ನ ಕೆಲಸ.

ಆರೋಗ್ಯವಂತರನ್ನೇ ಸ್ಕ್ಯಾನ್ ಮಾಡಿ, ಎಬ್ಬಿಸಿ, ಮತ್ತೆ ಮಲಗಿಸಿ ಅಳೆದರೂ ಅಂಕಿ ಅಷ್ಟೇ ಬರುವುದಿಲ್ಲ. ಎನ್‌ಎಎಯಂಥ ಎದ್ದು ಕಾಣುವ ಗೆರೆ ಕಡಿಮೆ ಅಲುಗುತ್ತದೆ. ನರಕೋಶಗಳ ನಡುವೆ ಸಂದೇಶ ಒಯ್ಯುವ ಗಾಬಾದಂಥದ್ದು ಜಾಸ್ತಿ, ಯಾಕಂದರೆ ಅದು 3 ಪಿಪಿಎಂ (ಗ್ರಾಫಿನ ಅಡ್ಡ ಅಳತೆ) ಹತ್ತಿರ ಕ್ರಿಯಾಟಿನ್ ಎಂಬ ಇನ್ನೊಂದು ರಾಸಾಯನಿಕದ ಗೆರೆಯ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ರೋಗಿಯಲ್ಲಿ ಕಂಡ ವ್ಯತ್ಯಾಸ ಈ ಅಲುಗಾಟಕ್ಕಿಂತ ದೊಡ್ಡದಿದ್ದರೆ ಮಾತ್ರ ಅದಕ್ಕೆ ಬೆಲೆ.

ಅಲುಗಾಟ ಕಡಿಮೆ ಮಾಡಲು ನಮ್ಮ ಕೈಯಲ್ಲಿರುವ ದೊಡ್ಡ ವಿಷಯ ಬಾಕ್ಸ್, ಅಂದರೆ ಅಳೆಯಬೇಕಾದ ಜಾಗವನ್ನು ಚಿತ್ರದ ಮೇಲೆ ಗುರುತಿಸುವ ಚೌಕ, ಇಡುವುದು. ಪ್ರತಿ ಬದಿ 2 ಸೆಂಟಿಮೀಟರ್ ಅಂದರೆ ಬರೀ 8 ಮಿಲಿಲೀಟರ್ ಜಾಗ. ಅದು ನೀರು ತುಂಬಿದ ಕುಹರದ ಕಡೆ ಕೆಲವೇ ಮಿಲಿಮೀಟರ್ ಸರಿದರೂ ಎಲ್ಲ ಅಂಕಿ ಇಳಿಯುತ್ತದೆ. ತಲೆಬುರುಡೆ ಕಡೆ ಹೋದರೆ ಚರ್ಮದ ಕೊಬ್ಬು ಸೇರಿಕೊಂಡು, 1.3 ಪಿಪಿಎಂ ಹತ್ತಿರದ ಲ್ಯಾಕ್ಟೇಟ್ ಎಂಬ ರಾಸಾಯನಿಕದ ಗೆರೆಯೇ ಕಾಣುವುದಿಲ್ಲ. ಹಾಗಾಗಿ ಹಳೇ ಚಿತ್ರವನ್ನು ಪಕ್ಕದ ಸ್ಕ್ರೀನ್‌ನಲ್ಲಿ ತೆರೆದು, ಮೂರೂ ಕೋನದಲ್ಲಿ ನೋಡಿ, ಅದೇ ಜಾಗಕ್ಕೆ ಅದೇ ಅಳತೆಯ ಬಾಕ್ಸ್ ಇಡುತ್ತೇನೆ. ಇದಕ್ಕೆ ಹಿಡಿಯುವ ಸಮಯದ ಬಗ್ಗೆ ಯಾರು ಗೊಣಗಿದರೂ ಬಿಡುವುದಿಲ್ಲ.

ಎಕೋ ಟೈಮ್, ಅಂದರೆ ರೇಡಿಯೋ ಅಲೆ ಕೊಟ್ಟು ಸಿಗ್ನಲ್ ಹಿಡಿಯುವವರೆಗಿನ ಸಮಯ, ಕೂಡ ಅದೇ ಇರಬೇಕು. 30 ಮಿಲಿಸೆಕೆಂಡ್‌ನ ಗ್ರಾಫಿಗೂ 144ರ ಗ್ರಾಫಿಗೂ ಹೋಲಿಕೆ ಸಲ್ಲದು. 144ರಲ್ಲಿ ಲ್ಯಾಕ್ಟೇಟ್ ತಲೆಕೆಳಗಾಗಿ ಕಾಣುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದರ ಕಷ್ಟ ಬೇರೆಯೇ. ಮೊದಲ ಸ್ಕ್ಯಾನ್ ಮಣಿಪಾಲದಲ್ಲೋ ಹುಬ್ಬಳ್ಳಿಯಲ್ಲೋ ಗೋವಾದಲ್ಲೋ ಆಗಿರುತ್ತದೆ. ದೂರ ಓಡಾಡುವ ತ್ರಾಸು ಬೇಡವೆಂದು ಎರಡನೆಯದಕ್ಕೆ ಇಲ್ಲಿಗೆ ಬರುತ್ತಾರೆ. ಮಷೀನ್‌ನ ಅಯಸ್ಕಾಂತದ ಬಲ ಅಲ್ಲಿ 3 ಟೆಸ್ಲಾ, ಇಲ್ಲಿ 1.5 ಆಗಿದ್ದರೆ ಅಂಕಿಗಳನ್ನು ನೇರವಾಗಿ ಪಕ್ಕಪಕ್ಕ ಇಡಬಾರದು. ಅಂಥ ಸಂದರ್ಭದಲ್ಲಿ ರೇಡಿಯಾಲಜಿಸ್ಟ್‌ಗೆ ಮೊದಲೇ ತಿಳಿಸುತ್ತೇನೆ. ರೋಗಿಯ ಮನೆಯವರಿಗೂ, "ಸಿಡಿ ಜೋಪಾನವಾಗಿ ಇಟ್ಕೊಳ್ಳಿ, ಬರೀ ರಿಪೋರ್ಟ್ ಸಾಕಾಗಲ್ಲ" ಎಂದು ಬಿಡಿಸಿ ಹೇಳಿ ಕಳಿಸುತ್ತೇನೆ.