ಮೂಲೆಯಲ್ಲಿ ನಿಂತು ಹಾಕಿದ ಮತ

ಹಾಸನದ ಮನೆಯಲ್ಲಿ ಅಮ್ಮ ಓಟು ಹಾಕಿ ಬಂದಾಗಲೆಲ್ಲ ಅಪ್ಪ ಕೇಳುತ್ತಿದ್ದರು: ‘ಯಾರಿಗೆ?’ ‘ಹಾಕಬೇಕಾದವರಿಗೆ’ ಎಂದು ಅಮ್ಮ ಒಲೆಯ ಕಡೆ ತಿರುಗಿಬಿಡುತ್ತಿದ್ದರು. ನನಗೆ ನೆನಪಿರುವಷ್ಟು ಕಾಲ ಆ ಉತ್ತರ ಬದಲಾಗಲಿಲ್ಲ. ಮತವೆಂದರೆ ಗುಟ್ಟು ಎಂದು ತಿಳಿದೇ ನಾನು ಬೆಳೆದೆ. ಹಾಗಾಗಿ 2020ರ ಫೆಬ್ರುವರಿ 3ರ ಸಂಜೆ, ಅಯೋವಾ ರಾಜ್ಯದ ಡೆಮೊಯಿನ್ ಪಕ್ಕದ ನಮ್ಮ ಊರಿನ ಶಾಲೆಯ ಜಿಮ್‌ನಲ್ಲಿ, ಇನ್ನೂರು ಚಿಲ್ಲರೆ ಜನರ ಕಣ್ಣೆದುರು ಒಂದು ಹೆಸರಿನ ಫಲಕದ ಕೆಳಗೆ ಹೋಗಿ ನಿಲ್ಲಬೇಕಾಗಿ ಬಂದಾಗ ನನಗೆ ಕಾಲೇ ಏಳಲಿಲ್ಲ.

ಇದಕ್ಕೆ ಕಾಕಸ್ ಎನ್ನುತ್ತಾರೆ. ಅಧ್ಯಕ್ಷ ಚುನಾವಣೆಗೆ ಪಕ್ಷದ ಹುರಿಯಾಳು ಯಾರಾಗಬೇಕೆಂದು ಪಕ್ಷದವರೇ ಸೇರಿ ಹೇಳುವ ಸಭೆ. ಹೆಚ್ಚಿನ ರಾಜ್ಯಗಳಲ್ಲಿ ಅದಕ್ಕೂ ಮತಪತ್ರವೇ ಇರುತ್ತದೆ. ಆದರೆ ಅಯೋವಾದ ಡೆಮಾಕ್ರಟರು ಆಗ ಮೂಲೆ ಹಿಡಿದು ನಿಂತು ತೋರಿಸಬೇಕಿತ್ತು. ದೇಶದಲ್ಲೇ ಮೊದಲ ಸರದಿ ನಮ್ಮದಾದ್ದರಿಂದ ಒಂದು ವರ್ಷದಿಂದ ಅಭ್ಯರ್ಥಿಗಳು ನಮ್ಮ ಕಾಫಿ ಅಂಗಡಿಗಳಿಗೂ ಜೋಳದ ಹೊಲಗಳಿಗೂ ಎಡತಾಕುತ್ತಿದ್ದರು. ಕಮಲಾ ಹ್ಯಾರಿಸ್ ತಾನಿನ್ನು ಅಯೋವಾಕ್ಕೇ ಬಂದು ನೆಲೆಸುತ್ತೇನೆಂದು ತಮಾಷೆ ಮಾಡಿದ್ದೂ ಸುದ್ದಿಯಾಗಿತ್ತು. ಡಿಸೆಂಬರ್ ಮೊದಲ ವಾರದಲ್ಲೇ ಅವರು ಕಣದಿಂದ ಹಿಂದೆ ಸರಿದಾಗ ನನ್ನ ಮಗಳು ಒಂದು ಹೊತ್ತು ಊಟ ಬಿಟ್ಟಳು.

ಮಗಳಿಗೆ ಆಗ ಹದಿನೇಳು. ನವೆಂಬರ್ ಚುನಾವಣೆಯ ಹೊತ್ತಿಗೆ ಹದಿನೆಂಟು ತುಂಬುವವರು ಕಾಕಸ್‌ನಲ್ಲಿ ನಿಲ್ಲಬಹುದಿತ್ತು. ನನಗೆ ಪೌರತ್ವ ಬಂದು ವರ್ಷವೂ ಆಗಿರಲಿಲ್ಲ. ಅಂತೂ ಇಬ್ಬರಿಗೂ ಅದು ಮೊದಲ ಓಟು. ಬಾಗಿಲಲ್ಲೇ ಪಕ್ಷದ ಹೆಸರು ನೋಂದಾಯಿಸಿ, ಎರಡು ಬದಿಯಲ್ಲೂ ಬರೆಯಬಹುದಾದ ಒಂದೊಂದು ಕಾರ್ಡು ಪಡೆದೆವು. ಮೊದಲ ಆಯ್ಕೆ ಒಂದು ಬದಿಗೆ. ಆ ಗುಂಪು ಉಳಿಯದಿದ್ದರೆ ಎರಡನೆಯದು ಇನ್ನೊಂದು ಬದಿಗೆ. ಅವಳು ನನ್ನ ಮುಖ ಕೂಡ ನೋಡದೆ ಬರ್ನಿ ಸ್ಯಾಂಡರ್ಸ್ ಗುಂಪಿಗೆ ಓಡಿದಳು. ನಾನು ಏಮಿ ಕ್ಲೋಬುಷರ್ ಫಲಕದ ಕಡೆ ಹೋದೆ. ಅವರು ಪಕ್ಕದ ಮಿನೆಸೋಟಾದ ಸೆನೆಟರ್, ಅಯೋವಾದ 99 ಕೌಂಟಿಗಳನ್ನೂ ಸುತ್ತಿದವರು. ನಿಜ ಹೇಳಬೇಕೆಂದರೆ ಅವರ ಆರೋಗ್ಯ ನೀತಿಯನ್ನು ನಾನು ಅರ್ಧಕ್ಕೇ ಓದಿ ಬಿಟ್ಟಿದ್ದೆ. ಟಿವಿ ಚರ್ಚೆಯಲ್ಲಿ ಕಿರುಚದೆ ಮಾತನಾಡುತ್ತಿದ್ದರು, ಅಷ್ಟು ಹಿಡಿಸಿತ್ತು.

ತಲೆ ಎಣಿಕೆ ಶುರುವಾಯಿತು. ಒಟ್ಟು 212 ಜನ. ಶೇಕಡ 15 ಇಲ್ಲದ ಗುಂಪು, ಅಂಥದೇ ಬೇರೆ ಗುಂಪುಗಳಿಂದ ಜನ ಸೆಳೆದು ತುಂಬಿಸಿಕೊಳ್ಳದಿದ್ದರೆ, ಬರ್ಖಾಸ್ತು. ಅಂದರೆ 32 ತಲೆ ಬೇಕು. ಪೀಟ್ ಬುಟಿಜೆಜ್ 58, ಸ್ಯಾಂಡರ್ಸ್ 47, ಎಲಿಜಬೆತ್ ವಾರನ್ 41. ನಾವು 27. ನಮಗಿಂತ ಹೀನಾಯವಾಗಿದ್ದದ್ದು ಎಂಟು ವರ್ಷ ಉಪಾಧ್ಯಕ್ಷರಾಗಿದ್ದ ಜೋ ಬೈಡನ್ ಮೂಲೆ: 25. ಉಳಿದ ಚಿಲ್ಲರೆ ಮೂವರನ್ನು ಬಿಟ್ಟರೆ, ಆ್ಯಂಡ್ರೂ ಯಾಂಗ್ ಕಡೆ 11. ‘ಗಣಿತ’ ಎಂಬ ಅರ್ಥದ ಅಕ್ಷರಗಳಿದ್ದ ಟೋಪಿ ತೊಟ್ಟಿದ್ದ ಈ ಹನ್ನೊಂದು ಜನ ಆಮೇಲಿನ ಹದಿನೈದು ನಿಮಿಷ ಆ ಜಿಮ್‌ನ ಮಹಾರಾಜರು. ಒಬ್ಬ ಹುಡುಗನನ್ನು ಮೂರು ಗುಂಪಿನವರು ಸುತ್ತುವರಿದಿದ್ದರು. ಅವನಿಗೆ ಯಾರೋ ಮನೆಯಲ್ಲಿ ಮಾಡಿದ ಬಿಸ್ಕತ್ತನ್ನೂ ಕೊಟ್ಟರು. ಲಂಚ ಎನ್ನಲಾರೆ. ಡಬ್ಬಿ ಎಲ್ಲರಿಗೂ ತೆರೆದೇ ಇತ್ತು.

ನಮ್ಮ ಗುಂಪಿನ ಮುಂದಾಳು ನನ್ನ ಭುಜ ತಟ್ಟಿ, ‘ಬೈಡನ್ ಕಡೆ ಕುರ್ಚಿ ಹಾಕಿಕೊಂಡು ಕೂತವರು ನಿಮ್ಮ ಪಕ್ಕದ ಮನೆಯವರಲ್ಲವೇ? ಹೋಗಿ ಕರೆದುಕೊಂಡು ಬನ್ನಿ’ ಎಂದರು. ಪ್ರಚಾರದ ಒಳಗುಟ್ಟು ಅಷ್ಟೇ ಎಂದು ನನಗೆ ಆಗ ಹೊಳೆಯಿತು. ಒಂದು ವರ್ಷದ ಜಾಹೀರಾತು, ರಾತ್ರಿ ಊಟದ ಹೊತ್ತಿಗೆ ಬರುತ್ತಿದ್ದ ಫೋನು, ಬಾಗಿಲಿಗೆ ಸಿಕ್ಕಿಸಿ ಹೋಗುತ್ತಿದ್ದ ಚೀಟಿ, ಇವೆಲ್ಲ ಆದ ಮೇಲೂ ಕೊನೆಗೆ ಕೆಲಸಕ್ಕೆ ಬರುವುದು ಬೇಲಿಯಾಚೆಯ ಪರಿಚಯ.

ಅವರು ನಿವೃತ್ತ ಶಿಕ್ಷಕಿ, ಎಂಬತ್ತರ ಹತ್ತಿರ. ನಾನು ಹಾದಿಯಲ್ಲೇ ಲೆಕ್ಕ ಜೋಡಿಸಿಕೊಂಡು ಹೋಗಿದ್ದೆ: ‘ನಿಮಗೆ ಇನ್ನೂ ಏಳು ಜನ ಬೇಕು, ನಮಗೆ ಐದೇ ಸಾಕು.’ ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, ‘ಲೆಕ್ಕ ಸರಿ ಇದೆ. ಆದರೆ ಜೋ ಮಗನನ್ನು ಕಳೆದುಕೊಂಡವರು. ನಾನೂ ಕಳೆದುಕೊಂಡವಳು’ ಎಂದರು.

ಆರು ವರ್ಷ ಪಕ್ಕದಲ್ಲಿದ್ದೇನೆ. ಅವರ ಮನೆಗೆ ಕೋಸಂಬರಿ ಹೋಗಿದೆ, ಅಲ್ಲಿಂದ ಸೇಬಿನ ಪೈ ಬಂದಿದೆ. ಮಗನೊಬ್ಬನಿದ್ದ ಎಂಬುದೇ ನನಗೆ ಗೊತ್ತಿರಲಿಲ್ಲ. ಐದು ತಲೆಯ ಮಾತು ನನ್ನ ಬಾಯಲ್ಲೇ ಉಳಿಯಿತು. ಅಷ್ಟರಲ್ಲಿ ಮಗಳು ಬಂದು ನನ್ನ ತೋಳು ಹಿಡಿದು, ‘ಅಮ್ಮಾ, ನಿಮ್ಮ ಗುಂಪು ಹೇಗೂ ಮುಳುಗುತ್ತದೆ, ನಮ್ಮ ಕಡೆ ಬಾ’ ಎಂದು ಎಳೆಯತೊಡಗಿದಳು. ಆ ಹಿರಿಯರು ನಕ್ಕರು. ಕೋಟು ಹಾಕಿಕೊಂಡು ಎದ್ದು, ಕಾರ್ಡನ್ನು ಮೇಜಿನ ಮೇಲಿಟ್ಟರು. ಮೊದಲ ಬದಿಯಲ್ಲಿ ಶಿಕ್ಷಕರ ದುಂಡಗಿನ ಅಕ್ಷರದಲ್ಲಿ ಬೈಡನ್. ಹಿಂಬದಿ ಖಾಲಿ. ‘ನಾನು ಇವರಿಗಾಗಿ ನಿಲ್ಲಲು ಬಂದಿದ್ದೆ, ನಿಂತೆ’ ಎಂದು ಹೇಳಿ ಹೊರಟರು. ಹಾಗೆ ಹೊರಟವರು ಒಟ್ಟು ನಾಲ್ವರು.

ನಮ್ಮ ಗುಂಪು ಮುಳುಗಲಿಲ್ಲ. ಬೈಡನ್ ಕಡೆಯಿಂದ ನಾಲ್ವರು, ಗಣಿತದ ಟೋಪಿಯವರು ಮೂವರು ಬಂದು 34 ಆದೆವು. ಬುಟಿಜೆಜ್ 72, ಸ್ಯಾಂಡರ್ಸ್ 53, ವಾರನ್ 49. ಪಕ್ಷದ ಮುಂದಿನ ಹಂತದ ಸಭೆಗೆ ನಮ್ಮ ಮತಗಟ್ಟೆಯಿಂದ ಹೋಗಬೇಕಾದ ಪ್ರತಿನಿಧಿಗಳು ಏಳು. ಗುಣಿಸಿ, ಭಾಗಿಸಿ, ದಶಮಾಂಶ ಸರಿಪಡಿಸಿದಾಗ ನಮಗೊಂದು, ಉಳಿದ ಮೂವರಿಗೂ ಎರಡೆರಡು. ಎಪ್ಪತ್ತೆರಡು ತಲೆಗೂ ಎರಡು, ನಲವತ್ತೊಂಬತ್ತು ತಲೆಗೂ ಎರಡು! ಬ್ಯಾಂಕಿನಲ್ಲಿ ಲೆಕ್ಕ ನೋಡುವ ನಾನು ಚೀಟಿಯ ಹಿಂದೆ ಎರಡು ಸಲ ಮಾಡಿ ನೋಡಿದೆ. ಸರಿಯಾಗಿಯೇ ಇತ್ತು.

ಮನೆಗೆ ಬಂದು ಸಾರು ಬಿಸಿ ಮಾಡಿಕೊಂಡು ಟಿವಿ ಮುಂದೆ ಕೂತರೆ ಫಲಿತಾಂಶವೇ ಇಲ್ಲ. ಲೆಕ್ಕ ಒಪ್ಪಿಸಲು ತಂದಿದ್ದ ಹೊಸ ಮೊಬೈಲ್ ಆ್ಯಪ್ ಕೈಕೊಟ್ಟಿತ್ತು. ರಾಜ್ಯದ ಲೆಕ್ಕ ಪೂರ್ತಿ ಕೈಗೆ ಸಿಗಲು ದಿನಗಳೇ ಹಿಡಿದವು. ತಲೆ ಎಣಿಕೆಯಲ್ಲಿ ಸ್ಯಾಂಡರ್ಸ್ ಮುಂದೆ, ಪ್ರತಿನಿಧಿಗಳ ಲೆಕ್ಕದಲ್ಲಿ ಕೂದಲೆಳೆಯಷ್ಟು ಬುಟಿಜೆಜ್ ಮುಂದೆ. ನಾಲ್ಕನೆಯ ಸ್ಥಾನಕ್ಕಿಳಿದ ಬೈಡನ್ ಕತೆ ಮುಗಿಯಿತೆಂದು ಎಲ್ಲರೂ ಬರೆದರು. ಆಮೇಲೆ ದಕ್ಷಿಣ ಕೆರೊಲಿನಾದಲ್ಲಿ ಅವರೇ ಗೆದ್ದರು, ಹುರಿಯಾಳೂ ಆದರು, ಅಧ್ಯಕ್ಷರೂ ಆದರು. ಅಯೋವಾ ಮಾತ್ರ ನವೆಂಬರಿನಲ್ಲೂ ಅವರ ಕೈ ಹಿಡಿಯಲಿಲ್ಲ, ಟ್ರಂಪ್‌ಗೆ ಹೋಯಿತು. 2024ಕ್ಕೆ ಡೆಮಾಕ್ರಟರು ಅಯೋವಾದಿಂದ ಮೊದಲ ಸರದಿಯನ್ನೇ ಕಿತ್ತುಕೊಂಡರು.

ಕಾಕಸ್‌ನ ಮರುದಿನ ಅಂಚೆ ಡಬ್ಬಿಯ ಬಳಿ ಆ ಹಿರಿಯರು ಸಿಕ್ಕಿ, ‘ನಿಮ್ಮ ಏಮಿ ಉಳಿದರೇ?’ ಎಂದು ಕೇಳಿದರು. ಉಳಿದರು ಎಂದೆ. ಆಮೇಲೆ ಮಗನ ಹೆಸರೇನು ಎಂದು ಕೇಳಿದೆ. ಹೇಳಿದರು. ಚಳಿಯಲ್ಲಿ ಅರ್ಧ ಗಂಟೆ ನಿಂತೇ ಇದ್ದೆವು.

ಅಕ್ಟೋಬರಿನಲ್ಲಿ ಕೋವಿಡ್ ಕಾರಣಕ್ಕೆ ಅಂಚೆಯ ಮತಪತ್ರ ತರಿಸಿಕೊಂಡೆವು. ಅಡುಗೆಮನೆಯ ಮೇಜಿನ ಆಚೆ ತುದಿಗೆ ಮಗಳು, ಈಚೆ ತುದಿಗೆ ನಾನು. ಜಿಮ್ ತುಂಬ ಕೂಗಿ ಬರ್ನಿಗೆ ತಲೆ ಸೇರಿಸಿದ್ದ ಹುಡುಗಿ ಈಗ ಪರೀಕ್ಷೆಯಲ್ಲಿ ಉತ್ತರ ಮುಚ್ಚಿಕೊಳ್ಳುವಂತೆ ಎಡ ಅಂಗೈಯನ್ನು ಮತಪತ್ರದ ಮೇಲೆ ಅಡ್ಡ ಇಟ್ಟುಕೊಂಡು ಸುತ್ತುಗಳನ್ನು ತುಂಬುತ್ತಿದ್ದಳು. ನಾನು ಕೇಳಲಿಲ್ಲ. ಎದ್ದು ಒಲೆಯ ಮೇಲಿದ್ದ ಹಾಲು ನೋಡಲು ಹೋದೆ.