ಎತ್ತರದ ಕಟ್ಟಡಗಳು ನಗರಕೇಂದ್ರದ ಜೀವ ತೆಗೆಯುತ್ತವೆಯೇ?

ನಗರಗಳ ನಡುಭಾಗದಲ್ಲಿ ನಡೆದಾಡುವುದು, ಅಲ್ಲಿನ ಕಟ್ಟಡಗಳನ್ನು ನಿಂತು ನೋಡುವುದು, ಯಾವುದು ಏಕೆ ಹಾಗಿದೆ ಎಂದು ಕೆದಕುವುದು ನನಗೆ ಬಹಳ ಕಾಲದಿಂದ ಅಂಟಿಕೊಂಡಿರುವ ಹವ್ಯಾಸ. ಇದನ್ನು ಬಲ್ಲವರು ಭೇಟಿಯಾದಾಗಲೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ: ಈ ಎತ್ತರದ ಕಟ್ಟಡಗಳೇ ಅಲ್ಲವೇ ನಗರಕೇಂದ್ರದ ಜೀವ ತೆಗೆದದ್ದು? ಕೇಳುವವರ ದನಿಯಲ್ಲೇ ಉತ್ತರ ಇರುತ್ತದೆ. ನಾನು ಹೌದೆಂದು ತಲೆಯಾಡಿಸಬೇಕು, ಅಷ್ಟೇ. ಇನ್ನು ಕೆಲವರು ಇದನ್ನೇ ತಿರುಗಿಸಿ, ಎತ್ತರಕ್ಕೆ ಏರದ ನಗರ ಬೆಳೆದಂತೆಯೇ ಎಂದು ಕೇಳುವುದುಂಟು. ಇಬ್ಬರಿಗೂ ನನ್ನ ಉತ್ತರ ಒಂದೇ. ಬೀದಿಯ ಬದುಕನ್ನು ನಿರ್ಧರಿಸುವುದು ಕಟ್ಟಡದ ತಳದ 15 ಅಡಿ. ಅದರ ಮೇಲೆ ಐದು ಮಹಡಿಗಳಿವೆಯೋ ಐವತ್ತು ಮಹಡಿಗಳಿವೆಯೋ ಎಂಬ ಚರ್ಚೆಗೆ ನಾವು ಕೊಡುತ್ತಿರುವ ಸಮಯದಲ್ಲಿ ಅರ್ಧವನ್ನಾದರೂ ಆ 15 ಅಡಿಗೆ ಕೊಟ್ಟಿದ್ದರೆ ಎಷ್ಟೋ ಬೀದಿಗಳು ಉಳಿಯುತ್ತಿದ್ದವು.

ಪ್ರಶ್ನೆ ಹೀಗೆ ಹುಟ್ಟಲು ಕಾರಣವಿದೆ. ಹೊಸ ಯೋಜನೆಯೊಂದು ನಮ್ಮ ಕಣ್ಣಿಗೆ ಬೀಳುವುದು ಚಿತ್ರವಾಗಿ, ಅದೂ ಬಹುಪಾಲು ದೂರದಿಂದ ಅಥವಾ ಆಕಾಶದಿಂದ ನೋಡಿದಂತೆ ಬರೆದ ಚಿತ್ರವಾಗಿ. ಅದರಲ್ಲಿ ಎದ್ದು ಕಾಣುವುದು ತುದಿ. ಬೀದಿಯಲ್ಲಿ ನಡೆಯುವವರಿಗಾದರೋ ತುದಿ ಕಾಣುವುದೇ ಇಲ್ಲ. ನೆಟ್ಟಗೆ ನೋಡುತ್ತ ನಡೆಯುವ ಕಣ್ಣಿಗೆ ದಕ್ಕುವುದು ನೆಲಮಹಡಿ, ಹೆಚ್ಚೆಂದರೆ ಅದರ ಮೇಲಿನ ಒಂದೆರಡು ಸಾಲು ಕಿಟಕಿಗಳು. ಕೋಪನ್‌ಹೇಗನ್ ನಗರ ತನ್ನ ಸ್ತ್ರೋಯೆಟ್ ಎಂಬ ಮುಖ್ಯಬೀದಿಯನ್ನು 1962ರಲ್ಲಿ ವಾಹನಗಳಿಂದ ಬಿಡಿಸಿ ನಡೆಯುವವರಿಗೆ ಕೊಟ್ಟ ಮೇಲೆ, ವಾಸ್ತುಶಿಲ್ಪಿ ಯಾನ್ ಗೆಲ್ ಅಲ್ಲಿನ ಜನರ ಓಡಾಟವನ್ನು ದಶಕಗಳ ಕಾಲ ಎಣಿಸಿ, ಅಳೆದು, ದಾಖಲಿಸಿದರು. ಅವರ ವಿಚಾರದ ತಿರುಳು ಸರಳವಾದದ್ದು: ನಡೆಯುವ ಮನುಷ್ಯನ ವೇಗ ಗಂಟೆಗೆ ಸುಮಾರು 5 ಕಿಲೋಮೀಟರ್, ಆ ವೇಗಕ್ಕೆ ತಕ್ಕಷ್ಟು ನೋಡುವ ಸಂಗತಿಗಳು ಬೀದಿಯಲ್ಲಿ ಸಿಗಬೇಕು. ಲೆಕ್ಕ ಹಾಕಿ ನೋಡಿ. ಆ ವೇಗದಲ್ಲಿ 100 ಮೀಟರ್ ನಡೆಯಲು 72 ಸೆಕೆಂಡು ಬೇಕು. ಆ ಉದ್ದದಲ್ಲಿ 15 ಬಾಗಿಲುಗಳಿದ್ದರೆ ಪ್ರತಿ ಐದು ಸೆಕೆಂಡಿಗೊಮ್ಮೆ ಹೊಸದೊಂದು ಎದುರಾಗುತ್ತದೆ. ಒಂದೇ ಬಾಗಿಲಿದ್ದರೆ, ಅಥವಾ ಅದೂ ಇಲ್ಲದಿದ್ದರೆ, ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಗೋಡೆಯ ಪಕ್ಕದಲ್ಲಿ ನಡೆಯಬೇಕು. ಓದುವಾಗ ಒಂದು ನಿಮಿಷ ಏನೂ ಅನ್ನಿಸದು. ಕುರುಡು ಗೋಡೆಯ ಪಕ್ಕದಲ್ಲಿ, ಅದರಲ್ಲೂ ಸಂಜೆಯ ಮೇಲೆ, ಅದು ಬಲು ದೀರ್ಘ.

ಈ ಮಾತಿಗೆ ನಾನು ಸದಾ ನೆನೆಯುವ ಕಟ್ಟಡವೊಂದಿದೆ. ಶಿಕಾಗೋದ ಮೊನಾಡ್‌ನಾಕ್ ಕಟ್ಟಡದ ಉತ್ತರ ಭಾಗ 1891ರಲ್ಲಿ ಪೂರ್ಣಗೊಂಡಿತು. 16 ಮಹಡಿಗಳ ಆ ಭಾಗದ ಭಾರವನ್ನು ಹೊರಗೋಡೆಗಳೇ ಹೊತ್ತಿವೆ, ಹಾಗಾಗಿ ಬುಡದಲ್ಲಿ ಗೋಡೆಯ ದಪ್ಪ ಸುಮಾರು 6 ಅಡಿ. ಎರಡು ವರ್ಷಗಳ ನಂತರ ಅದಕ್ಕೆ ಜೋಡಿಸಿದ ದಕ್ಷಿಣ ಭಾಗದಲ್ಲಿ ಭಾರವನ್ನು ಉಕ್ಕಿನ ಚೌಕಟ್ಟಿಗೆ ವಹಿಸಲಾಯಿತು. ಒಂದೇ ಕಟ್ಟಡದಲ್ಲಿ ಎರಡು ಯುಗಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ನನ್ನನ್ನು ಹಿಡಿದಿಟ್ಟಿರುವುದು ಅದರ ದಪ್ಪ ಗೋಡೆಯ ಭಾಗವೇ. 6 ಅಡಿ ದಪ್ಪದ ಇಟ್ಟಿಗೆಯನ್ನು ಕೊರೆದು ಕಿಟಕಿಗಳನ್ನಿಟ್ಟು, ಬೀದಿಯುದ್ದಕ್ಕೂ ಸಣ್ಣ ಸಣ್ಣ ಅಂಗಡಿಗಳಿಗೆ ಜಾಗ ಮಾಡಿದ್ದಾರೆ. ಗೋಡೆಯೇ 16 ಮಹಡಿಗಳನ್ನು ಹೊತ್ತಿದ್ದ ಕಾಲದಲ್ಲಿ ಅದನ್ನು ತೆರೆಯಲು ಅಷ್ಟು ಶ್ರಮಪಟ್ಟರು. ಗೋಡೆ ಏನನ್ನೂ ಹೊರಬೇಕಿಲ್ಲದ ಕಾಲ ಬಂದ ಮೇಲೆ ನಾವು ಅದನ್ನು ಮುಚ್ಚಿದೆವು. ಉಕ್ಕಿನ ಚೌಕಟ್ಟು ನೆಲಮಹಡಿಗೆ ಕೊಟ್ಟ ಸ್ವಾತಂತ್ರ್ಯವನ್ನು ಬೀದಿ ಪೂರ್ತಿಯಾಗಿ ಪಡೆಯಲೇ ಇಲ್ಲ ಎಂಬುದು ನನ್ನ ದೊಡ್ಡ ಕೊರಗು.

ಮುಚ್ಚಿದ್ದು ಹೇಗೆ ಎಂಬ ಕಥೆಯಲ್ಲಿ ಒಳ್ಳೆಯ ಉದ್ದೇಶಗಳೂ ಇವೆ. ನ್ಯೂಯಾರ್ಕಿನಲ್ಲಿ 1915ರಲ್ಲಿ ಎದ್ದ ಈಕ್ವಿಟಬಲ್ ಕಟ್ಟಡ ನಿವೇಶನದ ಅಂಚಿನಿಂದಲೇ ನೇರವಾಗಿ 38 ಮಹಡಿ ಏರಿ ಸುತ್ತಲಿನ ಬೀದಿಗಳನ್ನು ನೆರಳಿನಲ್ಲಿ ಮುಳುಗಿಸಿತು. ಅದರ ಮರುವರ್ಷವೇ, 1916ರಲ್ಲಿ, ಆ ನಗರ ವಲಯ ನಿಯಮವನ್ನು ತಂದಿತು: ಒಂದು ಎತ್ತರ ದಾಟಿದ ಮೇಲೆ ಕಟ್ಟಡ ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯಬೇಕು, ನಿವೇಶನದ ಕಾಲುಭಾಗದ ಮೇಲೆ ಮಾತ್ರ ಗೋಪುರ ಎಷ್ಟು ಎತ್ತರಕ್ಕಾದರೂ ಏರಬಹುದು. ಈ ನಿಯಮದ ಕೆಳಗೆ ಕಟ್ಟಿದವು ಮೇಲೆ ಸರಿದರೂ ಕೆಳಗೆ ಬೀದಿಯ ಅಂಚನ್ನು ಬಿಡುತ್ತಿರಲಿಲ್ಲ. 1958ರಲ್ಲಿ ಮೀಸ್ ವಾನ್ ಡೆರ್ ರೋಹೆ ವಿನ್ಯಾಸದ ಸೀಗ್ರಮ್ ಕಟ್ಟಡ ಬಂತು. ಅದು ಬೀದಿಯಿಂದ ಹಿಂದೆ ಸರಿದು ನಿಂತು, ಮುಂದೆ ವಿಶಾಲವಾದ ಅಂಗಳವೊಂದನ್ನು ಬಿಟ್ಟುಕೊಟ್ಟಿತು. ಅಂಗಳ ಬಹಳ ಚೆಲುವಾಗಿತ್ತು, ಜನರೂ ಬಂದು ಕುಳಿತರು. 1961ರ ಹೊಸ ನಿಯಮ ಆ ಚೆಲುವನ್ನು ಎಲ್ಲೆಡೆ ಹರಡಲು ಹೊರಟು, ಅಂಗಳಕ್ಕೆ ಬಿಟ್ಟ ಪ್ರತಿ ಚದರ ಅಡಿಗೆ ಅತಿ ದಟ್ಟಣೆಯ ವಲಯಗಳಲ್ಲಿ 10 ಚದರ ಅಡಿ ಹೆಚ್ಚುವರಿ ಮಹಡಿ ಜಾಗವನ್ನು ಕಟ್ಟುವವರಿಗೆ ಕೊಟ್ಟಿತು. ಪರಿಣಾಮವಾಗಿ ಗೋಪುರಗಳು ಒಂದೊಂದಾಗಿ ಬೀದಿಯನ್ನು ಬಿಟ್ಟು ಹಿಂದೆ ಸರಿದವು, ಅವುಗಳ ಮುಂದೆ ಕುಳಿತುಕೊಳ್ಳಲೂ ಎಡೆಯಿಲ್ಲದ ಬರಡು ನೆಲಹಾಸುಗಳು ಹಾಸಿಕೊಂಡವು.

ವಿಲಿಯಂ ವೈಟ್ ಎಂಬ ಪತ್ರಕರ್ತ 1970ರ ದಶಕದಲ್ಲಿ ಈ ಅಂಗಳಗಳ ಮೇಲೆ ಕ್ಯಾಮೆರಾ ಇಟ್ಟು, ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ ಎಂದು ಗಮನಿಸಿದರು. ಅವರಿಗೆ ದೊರೆತ ಮುಖ್ಯ ಉತ್ತರ ಎಳೆಯ ಮಗುವೂ ಹೇಳಬಹುದಾದಂಥದ್ದು: ಕೂರಲು ಜಾಗ ಇರುವ ಕಡೆ ಜನ ಕೂರುತ್ತಾರೆ. ಆದರೂ ಅದನ್ನು ಯಾರೋ ಒಬ್ಬರು ತಾಳ್ಮೆಯಿಂದ ನೋಡಿ ತೋರಿಸುವವರೆಗೆ ನಿಯಮ ಬದಲಾಗಲಿಲ್ಲ. ಅಂಗಳಗಳಲ್ಲಿ ಆಸನಗಳಿರಬೇಕೆಂಬ ಷರತ್ತು 1975ರಲ್ಲಿ ಬಂತು. ವೈಟ್ ಇನ್ನೊಂದನ್ನೂ ಕಂಡರು. ದಾರಿಯಲ್ಲಿ ಎದುರಾದವರು ಮಾತಿಗೆ ನಿಂತಾಗ ಪಕ್ಕಕ್ಕೆ ಸರಿಯುವುದಿಲ್ಲ, ನಡೆಯುವವರ ಹರಿವಿನ ನಡುವೆಯೇ ನಿಲ್ಲುತ್ತಾರೆ. ನನಗೆ ಈ ಗಮನಿಕೆ ಬಹಳ ಇಷ್ಟ, ಏಕೆಂದರೆ ಜನಕ್ಕೆ ಖಾಲಿ ಜಾಗ ಬೇಕೆಂದು ಭಾವಿಸಿ ಮಾಡಿದ ಯೋಜನೆಗಳ ಬುಡವನ್ನೇ ಅದು ಅಲುಗಿಸುತ್ತದೆ. ಜನ ಬಯಸುವುದು ಜನರನ್ನು.

ಎರಡನೆಯ ಮುಚ್ಚುವಿಕೆ ಕಾರುಗಳಿಂದ ಆದದ್ದು. ಪ್ರತಿ ಕಟ್ಟಡವೂ ಇಂತಿಷ್ಟು ಕಾರುಗಳಿಗೆ ಜಾಗ ಮಾಡಲೇಬೇಕೆಂಬ ನಿಯಮವನ್ನು ಅನೇಕ ನಗರಗಳು ತಂದವು. ನೆಲದ ಕೆಳಗೆ ಅಗೆಯುವುದು ದುಬಾರಿಯಾದ್ದರಿಂದ ಆ ಜಾಗ ಕಟ್ಟಡದ ತಳದ ಮಹಡಿಗಳಿಗೆ ಬಂತು. ಹೀಗೆ ಬೀದಿಗೆ ಮುಖ ಕೊಡಬೇಕಾದ ಭಾಗದಲ್ಲಿ ಜಾಲರಿ, ಇಳಿಜಾರು ದಾರಿ, ಕಾವಲುಗಾರನ ಗೂಡು ಬಂದು ಕುಳಿತವು. ಕಾರು ಹೊರಬರುವ ಪ್ರತಿ ತೆರಪಿನಲ್ಲೂ ನಡೆಯುವವರು ನಿಂತು ದಾರಿ ಕೊಡಬೇಕಾಯಿತು. ಮೆಕ್ಸಿಕೋ ನಗರ ಮತ್ತು ಅಮೆರಿಕದ ಬಫಲೋ ನಗರ ಎರಡೂ 2017ರಲ್ಲಿ ಈ ಕಡ್ಡಾಯವನ್ನು ಕೈಬಿಟ್ಟಿದ್ದು ನನ್ನ ಮಟ್ಟಿಗೆ ಯಾವುದೇ ಹೊಸ ಗೋಪುರಕ್ಕಿಂತ ದೊಡ್ಡ ಸುದ್ದಿ.

ಮೂರನೆಯದು ಜನರನ್ನೇ ಬೀದಿಯಿಂದ ಎತ್ತಿಬಿಟ್ಟದ್ದು. ಚಳಿಯ ನಗರವಾದ ಕ್ಯಾಲ್ಗರಿಯಲ್ಲಿ 1970ರಿಂದ ಕಟ್ಟಡದಿಂದ ಕಟ್ಟಡಕ್ಕೆ ಮುಚ್ಚಿದ ಸೇತುವೆಗಳನ್ನು ಕಟ್ಟುತ್ತ ಬಂದಿದ್ದಾರೆ. ಬೀದಿಯಿಂದ ಸುಮಾರು 15 ಅಡಿ ಮೇಲಿರುವ ಕಾರಣ ಆ ಜಾಲಕ್ಕೆ ‘ಪ್ಲಸ್ 15’ ಎಂದೇ ಹೆಸರು. ಚಳಿಗಾಲದಲ್ಲಿ ಅದರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಗಡಿಗಳೂ ಹೆಜ್ಜೆಗಳೂ ಮೇಲಕ್ಕೆ ಹೋದಷ್ಟು ಕೆಳಗಿನ ಬೀದಿ ತೆಳುವಾಗುತ್ತದೆ, ಒಂದೇ ಜನಸಂಖ್ಯೆಯನ್ನು ಎರಡು ನೆಲೆಗಳಿಗೆ ಹಂಚಿದರೆ ಎರಡೂ ತುಂಬುವುದು ಕಷ್ಟ.

ಹಾಗಾದರೆ ಕಟ್ಟಡಗಳನ್ನು ತಗ್ಗಾಗಿ ಇಟ್ಟರೆ ಸಾಕಲ್ಲವೇ ಎಂದು ಮರುಪ್ರಶ್ನೆ ಬರುತ್ತದೆ. ಅದಕ್ಕೆ ವಾಷಿಂಗ್ಟನ್ ಡಿ.ಸಿ. ಉತ್ತರ ಕೊಡುತ್ತದೆ. ಅಲ್ಲಿ 1910ರ ಕಾಯ್ದೆಯ ಪ್ರಕಾರ ಕಟ್ಟಡದ ಎತ್ತರ ಮುಂದಿನ ಬೀದಿಯ ಅಗಲಕ್ಕಿಂತ 20 ಅಡಿಯಷ್ಟೇ ಹೆಚ್ಚಿರಬಹುದು, ವಾಣಿಜ್ಯ ಬೀದಿಗಳಲ್ಲಿ ಸಾಮಾನ್ಯವಾಗಿ ಗರಿಷ್ಠ 130 ಅಡಿ. ಆಕಾಶ ತೆರೆದಿದೆ, ಬೆಳಕು ಧಾರಾಳವಾಗಿದೆ. ಆದರೂ ಕೆ ಸ್ಟ್ರೀಟಿನ ಕಚೇರಿಗಳ ಸಾಲು, ಮಿತಿಯೊಳಗೆ ಸಾಧ್ಯವಾದಷ್ಟು ಜಾಗವನ್ನು ತುಂಬಲು ಪೆಟ್ಟಿಗೆಯ ಆಕಾರ ತಳೆದು, ಕೆಲಸದ ಹೊತ್ತು ಮುಗಿದೊಡನೆ ಬರಿದಾಗುವ ಬೀದಿಯೆಂದು ಹೆಸರು ಪಡೆದುಕೊಂಡಿತು. ಇದಕ್ಕೆ ಎದುರಾಗಿ ಟೋಕಿಯೋ ಮತ್ತು ಹಾಂಗ್‌ಕಾಂಗ್‌ನ ಹಳೆಯ ವಾಣಿಜ್ಯ ಬೀದಿಗಳಲ್ಲಿ ಕಿರಿದಾದ ನಿವೇಶನಗಳ ಮೇಲೆ ಪೆನ್ಸಿಲ್‌ನಂತೆ ನಿಂತ ಎತ್ತರದ ಕಟ್ಟಡಗಳಿವೆ. ಕೆಲವೇ ಹೆಜ್ಜೆಗೊಂದು ಬಾಗಿಲು, ಬಾಗಿಲಿನ ಪಕ್ಕದಲ್ಲಿ ಮೆಟ್ಟಿಲು, ಮೆಟ್ಟಿಲಿನ ಮೇಲೆ ಮತ್ತೆ ಅಂಗಡಿ. ಎತ್ತರ ಅಲ್ಲಿನ ಜೀವಕ್ಕೆ ಅಡ್ಡಬಂದಿಲ್ಲ.

ಇಲ್ಲಿ ನಾನು ನ್ಯಾಯವಾಗಿ ಒಪ್ಪಿಕೊಳ್ಳಬೇಕಾದ ವಿಷಯವೊಂದಿದೆ. ಎತ್ತರವೂ ನೆಲಕ್ಕೆ ಇಳಿದು ಬರುತ್ತದೆ, ಗಾಳಿಯಾಗಿ ಮತ್ತು ನೆರಳಾಗಿ. ಮೇಲೆ ವೇಗವಾಗಿ ಬೀಸುವ ಗಾಳಿ ಅಗಲವಾದ ಗೋಡೆಗೆ ಬಡಿದು ಕೆಳಕ್ಕೆ ನುಗ್ಗುತ್ತದೆ, ಮೂಲೆಗಳಲ್ಲಿ ಇನ್ನಷ್ಟು ರಭಸ ಪಡೆಯುತ್ತದೆ. ಇಂಗ್ಲೆಂಡಿನ ಲೀಡ್ಸ್ ನಗರದ ಬ್ರಿಜ್‌ವಾಟರ್ ಪ್ಲೇಸ್ ಎಂಬ ಗೋಪುರದ ಬುಡದಲ್ಲಿ 2011ರಲ್ಲಿ ಗಾಳಿಗೆ ಲಾರಿಯೊಂದು ಮಗುಚಿ ದಾರಿಹೋಕರೊಬ್ಬರು ಸತ್ತರು. ಅಲ್ಲಿ ಬಳಿಕ ಗಾಳಿ ತಡೆಯುವ ದೊಡ್ಡ ರಚನೆಗಳನ್ನು ಬೀದಿಯಲ್ಲೇ ನಿಲ್ಲಿಸಬೇಕಾಯಿತು. ಲಂಡನ್ನಿನ ವಾಣಿಜ್ಯ ಕೇಂದ್ರ 2019ರಲ್ಲಿ ಹೊಸ ಎತ್ತರದ ಕಟ್ಟಡಗಳಿಗೆ ಗಾಳಿಯ ಪರೀಕ್ಷೆಯ ಕಟ್ಟುನಿಟ್ಟಾದ ಮಾರ್ಗಸೂಚಿಗಳನ್ನು ಹೊರಡಿಸಿತು. ಸ್ಯಾನ್ ಫ್ರಾನ್ಸಿಸ್ಕೋದ ಮತದಾರರು 1984ರಲ್ಲೇ ಸಾರ್ವಜನಿಕ ಉದ್ಯಾನಗಳ ಬಿಸಿಲನ್ನು ಕಾಪಾಡುವ ನಿಯಮಕ್ಕೆ ಮತ ಕೊಟ್ಟಿದ್ದರು. ಈ ಆಕ್ಷೇಪಗಳನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಗಮನಿಸಿ, ಇವು ಕೂಡ ಕೊನೆಗೆ ನೆಲದ ಮೇಲೆ ನಿಂತವರ ಅನುಭವದ ಬಗೆಗಿನ ಆಕ್ಷೇಪಗಳೇ.

ಹಳೆಯ ಕಟ್ಟಡಗಳನ್ನು ಕೆಡವುವಾಗ ಆಗುವ ನಷ್ಟದ ಬಗ್ಗೆಯೂ ಜನ ಕೇಳುತ್ತಾರೆ. ಕುಸುರಿಯ ಮುಂಭಾಗಗಳು ಹೋದಾಗ ನನಗೂ ನೋವಾಗುತ್ತದೆ. ಆದರೆ ಅದರೊಂದಿಗೆ ಸದ್ದಿಲ್ಲದೆ ಹೋಗುವುದು ನಿವೇಶನಗಳ ನಡುವಿನ ಗೆರೆ, ಮತ್ತು ಅದು ಒಮ್ಮೆ ಹೋದರೆ ಮರಳುವುದು ಅಪರೂಪ. 20 ಅಡಿ ಅಗಲದ ಎಂಟು ನಿವೇಶನಗಳಿದ್ದಾಗ ಎಂಟು ಮಾಲೀಕರು, ಎಂಟು ಬಗೆಯ ಬಾಡಿಗೆ, ಎಂಟು ತೀರ್ಮಾನಗಳು. ಒಬ್ಬರ ಅಂಗಡಿ ಮುಚ್ಚಿದರೂ ಏಳು ತೆರೆದಿರುತ್ತವೆ. ಆ ಎಂಟನ್ನು ಒಂದು ಮಾಡಿ ಕಟ್ಟಿದರೆ 160 ಅಡಿ ಉದ್ದದ ಬೀದಿಯ ಹಣೆಬರಹ ಒಬ್ಬ ಮಾಲೀಕನ ಕೈಗೆ ಬರುತ್ತದೆ. ಹಳೆಯ ಮುಂಭಾಗವನ್ನಷ್ಟೇ ತೊಗಲಿನಂತೆ ಉಳಿಸಿಕೊಂಡು ಹಿಂದೆ ಒಂದೇ ದೊಡ್ಡ ಕಟ್ಟಡ ಕಟ್ಟುವ ರೂಢಿ ನನಗೆ ಹಿಡಿಸದಿರುವುದು ಇದಕ್ಕೇ: ಎಂಟು ಬಾಗಿಲುಗಳ ಚಿತ್ರ ಉಳಿಯುತ್ತದೆ, ತೆರೆಯುವ ಬಾಗಿಲು ಒಂದೇ. ವ್ಯಾಂಕೂವರ್ ಹಿಡಿದ ದಾರಿ ಇದಕ್ಕಿಂತ ಪ್ರಾಮಾಣಿಕವಾದದ್ದು. ಅಲ್ಲಿ ತೆಳ್ಳಗಿನ ಗೋಪುರವನ್ನು ತಗ್ಗಾದ ತಳಭಾಗದ ಮೇಲೆ ನಿಲ್ಲಿಸಿ, ಆ ತಳಭಾಗದಲ್ಲಿ ಬೀದಿಗೇ ಬಾಗಿಲು ತೆರೆಯುವ ಮನೆಗಳನ್ನೂ ಅಂಗಡಿಗಳನ್ನೂ ಸಾಲಾಗಿ ಜೋಡಿಸುತ್ತಾರೆ.

ಬಾಗಿಲುಗಳಿದ್ದರೆ ಸಾಲದು, ಅವುಗಳಿಂದ ಹೊರಬರಲು ಜನ ಬೇಕು. ಕಚೇರಿಗಳಷ್ಟೇ ಇರುವ ನಗರಕೇಂದ್ರ ಎಷ್ಟು ಚೆನ್ನಾಗಿ ಕಟ್ಟಿದ್ದರೂ ದಿನದ ಮೂರನೆಯ ಒಂದು ಭಾಗ ಮಾತ್ರ ಎಚ್ಚರವಾಗಿರುತ್ತದೆ. ಮೆಲ್ಬರ್ನ್ 1992ರಲ್ಲಿ ‘ಪೋಸ್ಟ್‌ಕೋಡ್ 3000’ ಎಂಬ ಯೋಜನೆಯ ಮೂಲಕ ಕೇಂದ್ರದ ಖಾಲಿ ಕಚೇರಿಗಳನ್ನು ಮನೆಗಳಾಗಿ ಮಾರ್ಪಡಿಸಲು ಉತ್ತೇಜನ ಕೊಟ್ಟಿತು. ಸರಕು ಇಳಿಸಲು ಬಳಸುತ್ತಿದ್ದ ಅದರ ಹಿಂಬದಿಯ ಓಣಿಗಳು ಇಂದು ಆ ನಗರದ ಅತ್ಯಂತ ಜೀವಂತ ಜಾಗಗಳು. ಲಾಸ್ ಏಂಜಲೀಸ್ 1999ರಲ್ಲಿ ಕೇಂದ್ರಭಾಗದ ಹಳೆಯ ಕಚೇರಿ ಕಟ್ಟಡಗಳನ್ನು ವಸತಿಗೆ ಬದಲಿಸುವವರಿಗೆ ಹೊಸ ಪಾರ್ಕಿಂಗ್ ಕಟ್ಟುವ ಹೊರೆಯನ್ನು ಇಳಿಸಿತು, ಸಾವಿರಾರು ಮನೆಗಳು ಬಂದವು. ಎರಡೂ ಕಡೆ ಕಟ್ಟಡಗಳ ಎತ್ತರ ಇಂಚಿನಷ್ಟೂ ಬದಲಾಗದೆ ಬೀದಿ ಬದಲಾಯಿತು.

ಆದ್ದರಿಂದ ಯಾರಾದರೂ ಹೊಸ ಯೋಜನೆಯ ಚಿತ್ರವನ್ನು ತಂದು ತೋರಿಸಿ ಹೇಗಿದೆ ಎಂದು ಕೇಳಿದರೆ, ನಾನು ನೆಲಮಹಡಿಯ ನಕ್ಷೆಯ ಹಾಳೆ ಎಲ್ಲಿ ಎಂದು ಕೇಳುತ್ತೇನೆ. ಕಾರುಗಳು ಯಾವ ಬೀದಿಯಿಂದ ಒಳಹೋಗುತ್ತವೆ, ಕಸದ ಕೋಣೆ ಮತ್ತು ವಿದ್ಯುತ್ ಪರಿವರ್ತಕ ಹಿಂದಿವೆಯೇ ಮುಂದಿವೆಯೇ, ಅಂಗಡಿ ಎಂದು ಬರೆದ ಜಾಗವನ್ನು ಸಣ್ಣ ಸಣ್ಣ ಭಾಗಗಳಾಗಿ ಬಾಡಿಗೆಗೆ ಕೊಡಲು ಸಾಧ್ಯವೇ, ಅಥವಾ ಒಬ್ಬ ದೊಡ್ಡ ಬಾಡಿಗೆದಾರನಿಗಾಗಿ ಕಾದು ವರ್ಷಗಟ್ಟಲೆ ಗಾಜಿನ ಹಿಂದೆ ಕತ್ತಲೆಯಾಗಿ ಉಳಿಯುವಂತಿದೆಯೇ ಎಂದು ನೋಡುತ್ತೇನೆ. ಸಾರ್ವಜನಿಕ ಆಕ್ಷೇಪಣೆಗೆ ಅವಕಾಶವಿರುವಾಗ ಈ ಹಾಳೆಯ ಮೇಲೆ ಬರೆದುಕೊಟ್ಟ ಎರಡು ಸಾಲಿಗೆ, ಮಹಡಿಗಳ ಸಂಖ್ಯೆಯ ಮೇಲೆ ಬರೆದ ಎರಡು ಪುಟಕ್ಕಿಂತ ಹೆಚ್ಚು ಫಲ ಸಿಗುವ ಸಾಧ್ಯತೆ ಇದೆ, ಏಕೆಂದರೆ ಆ ಹಂತದಲ್ಲಿ ಇಳಿಜಾರು ದಾರಿಯೊಂದನ್ನು ಪಕ್ಕದ ಬೀದಿಗೆ ತಿರುಗಿಸುವುದೋ ಉದ್ದನೆಯ ಗೋಡೆಯಲ್ಲಿ ಇನ್ನಾರು ಬಾಗಿಲುಗಳನ್ನು ಸೇರಿಸುವುದೋ ಕಟ್ಟುವವರಿಗೂ ಅಷ್ಟೇನೂ ಕಷ್ಟದ ಕೆಲಸವಲ್ಲ.