ಡರ್ಟ್ ಬೈಕಿನ ಏರ್ ಫಿಲ್ಟರ್ ಶುಚಿಗೊಳಿಸುವಾಗ

ಡರ್ಟ್ ಬೈಕಿನ ಎಂಜಿನ್ನಿಗೆ ಧೂಳಿಗಿಂತ ದೊಡ್ಡ ಶತ್ರುವಿಲ್ಲ. ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಏರ್ ಫಿಲ್ಟರನ್ನು ದಾಟಿ ಒಳಸೇರಿದ ನುಣ್ಣನೆಯ ಮರಳು ಪಿಸ್ಟನ್ ರಿಂಗನ್ನೂ ಸಿಲಿಂಡರಿನ ಗೋಡೆಯನ್ನೂ ಉಜ್ಜಿ ಸವೆಸುವುದರಿಂದ, ಧೂಳಿನ ಹಾದಿಯಲ್ಲಿ ಓಡಿಸಿದ ಪ್ರತಿ ಸಲವೂ ಫಿಲ್ಟರನ್ನು ತೆಗೆದು ನೋಡುವುದನ್ನು ನಾನು ತಪ್ಪಿಸುವುದಿಲ್ಲ.

ಫಿಲ್ಟರ್ ಹೊರತೆಗೆದ ಕೂಡಲೇ ಗಾಳಿ ಒಳಹೋಗುವ ಬಾಯಿಯನ್ನು ಶುಭ್ರವಾದ ಬಟ್ಟೆಯಿಂದ ಮುಚ್ಚಬೇಕು. ಆ ಬಾಯಿಯ ಒಳಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿದಾಗ ಮಣ್ಣಿನ ಬಣ್ಣ ಅಂಟಿದರೆ, ಧೂಳು ಎಲ್ಲಿಂದಲೋ ನುಸುಳುತ್ತಿದೆ ಎಂದೇ ಅರ್ಥ. ಆಗ ಫಿಲ್ಟರಿನ ಅಂಚು ಸರಿಯಾಗಿ ಕುಳಿತಿತ್ತೇ ಎಂಬುದನ್ನು ಮೊದಲು ಪರೀಕ್ಷಿಸಬೇಕು.

ಸ್ಪಂಜಿನಂಥ ಫೋಮ್ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ಹಲವರಲ್ಲಿದೆ. ಬೆಂಕಿಯ ಅಪಾಯದ ಜೊತೆಗೆ, ಅದು ಫೋಮಿನ ಪದರಗಳನ್ನು ಬೆಸೆದ ಅಂಟನ್ನೂ ಸಡಿಲಿಸಬಲ್ಲದು. ಫಿಲ್ಟರಿಗೆಂದೇ ಇರುವ ಕ್ಲೀನರಿನಲ್ಲಿ ನೆನೆಸಿ, ಸೋಪು ಬೆರೆಸಿದ ಬೆಚ್ಚಗಿನ ನೀರಿನಲ್ಲಿ ತೊಳೆದು, ತಿರುಚದೆ ಅಂಗೈಗಳ ನಡುವೆ ಒತ್ತಿ ನೀರು ತೆಗೆದು, ಪೂರ್ತಿ ಒಣಗಿದ ನಂತರವೇ ಫಿಲ್ಟರ್ ಎಣ್ಣೆ ಹಚ್ಚಬೇಕು. ಎಣ್ಣೆಯ ಬಣ್ಣ ಎಲ್ಲೆಡೆ ಒಂದೇ ಸಮನಾಗಿ ಕಾಣುವವರೆಗೆ ಮೆತ್ತಗೆ ಒತ್ತುತ್ತಿರಬೇಕು, ಏಕೆಂದರೆ ಸೂಕ್ಷ್ಮ ಧೂಳನ್ನು ಹಿಡಿದಿಡುವುದು ಆ ಜಿಗುಟು ಪದರವೇ.

ಹರಿದ, ಬೆಸುಗೆ ಬಿಟ್ಟ ಅಥವಾ ಬೆರಳು ತಾಗಿದರೆ ಪುಡಿಯಾಗುವ ಫೋಮನ್ನು ತೊಳೆದು ಪ್ರಯೋಜನವಿಲ್ಲ, ಬದಲಾಯಿಸಲೇಬೇಕು. ಎಣ್ಣೆ ಹಚ್ಚದೆ ಬಂದ ಹೊಸ ಫಿಲ್ಟರಿಗೂ ಎಣ್ಣೆ ಹಚ್ಚಿ, ಅಂಚಿಗೆ ತೆಳುವಾಗಿ ಗ್ರೀಸ್ ಸವರಿಯೇ ಕೂರಿಸಬೇಕು.